ಮೈದಾನಕ್ಕೆ ಮೊದಲು ಪಹಣಿ, ಆಮೇಲೆ ಪಿಚ್

ಕೊಯ್ಲು ಮುಗಿದ ಗದ್ದೆಯಲ್ಲಿ ಅಂಡರ್ ಆರ್ಮ್ ಕ್ರಿಕೆಟ್, ಶಾಲೆಯ ಅಂಗಳದಲ್ಲಿ ವಾಲಿಬಾಲ್, ಅಸರ್ ಕಳೆದ ಮೇಲೆ ಮಗ್ರಿಬ್ ಬಾಂಗ್ ಕೇಳುವ ತನಕ ಫುಟ್ಬಾಲ್. ಕರಾವಳಿಯಲ್ಲಿ ಬೆಳೆದ ನಮಗೆ ಆಟದ ಜಾಗ ಅಂದ್ರೆ ಯಾರೋ ಯೋಜನೆ ಹಾಕಿ ಕೊಟ್ಟದ್ದಲ್ಲ, ತಾನಾಗಿ ಇದ್ದದ್ದು. ಇವತ್ತು ಆ ಗದ್ದೆಗಳಲ್ಲಿ ಎಷ್ಟೋ ಸೈಟ್ ಆಗಿವೆ, ಅಡಿಕೆ ತೋಟ ಆಗಿವೆ. ಮಂಗಳೂರಿನಲ್ಲಿ ಗಂಟೆ ಲೆಕ್ಕದಲ್ಲಿ ಹಣ ಕೊಟ್ಟು ಟರ್ಫ್‌ನಲ್ಲಿ ಆಡುವ ಕಾಲ ಬಂದಿದೆ. ದುಡ್ಡಿದ್ದವರ ಮಕ್ಕಳು ಆಡ್ತಾರೆ, ಇಲ್ಲದವರ ಮಕ್ಕಳು ಬಲೆಯ ಹೊರಗೆ ನಿಂತು ನೋಡ್ತಾರೆ.

ವ್ಯಾಪಾರಕ್ಕೆಂದು ಘಟ್ಟ ಹತ್ತುವುದು ನಮ್ಮವರಿಗೆ ಹೊಸತಲ್ಲ. ಹಾಗೆ ಹತ್ತಿದವರಿಗೆ ಹಾವೇರಿ ಜಿಲ್ಲೆಯೂ ದೂರದ ನಾಡಲ್ಲ. ಈ ವಾರ ಆ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳನ್ನು ಎದುರಿಗಿಟ್ಟುಕೊಂಡು ಒಂದು ಮಾತು ಆಡೋಣ. ಅಲ್ಲಿ ಟರ್ಫ್ ವ್ಯಾಪಾರ ಇನ್ನೂ ಊರನ್ನು ಆವರಿಸಿಲ್ಲ. ಊರ ಸುತ್ತ ಬಯಲು ಇದೆ. ಆದರೆ ಬಯಲು ಇದ್ದ ಮಾತ್ರಕ್ಕೆ ಮೈದಾನ ಇದ್ದಂತೆ ಆಗಲಿಲ್ಲ. ಕಾಗದದಲ್ಲಿ ‘ಆಟದ ಮೈದಾನ’ ಎಂದು ಬರೆಯದ ಬಯಲು ನಾಳೆ ಯಾವುದಾದರೊಂದು ಕಟ್ಟಡದ ಅಡಿಪಾಯ ಆದೀತು. ನಮ್ಮ ಗದ್ದೆಗಳಿಗೆ ಆದದ್ದು ಅಲ್ಲಿಯೂ ಆಗಬಾರದು.

ಆಟ ಯಾಕೆ ಬೇಕು ಎಂದು ಕೇಳುವ ಹಿರಿಯರು ಈಗಲೂ ಇದ್ದಾರೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆಟ ಮತ್ತು ಬಿಡುವು ಮಗುವಿನ ಹಕ್ಕು ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕು ಎಂದು ಬರೆದಿದೆ. ಬೆಳಗ್ಗೆ ಮದ್ರಸ, ಹಗಲು ಶಾಲೆ, ಸಂಜೆ ಟ್ಯೂಷನ್, ರಾತ್ರಿ ಮೊಬೈಲ್. ಇದರ ನಡುವೆ ಆ ಒಂದು ಗಂಟೆ ಎಲ್ಲಿಂದ ಬರಬೇಕು? ಅಸರ್ ಮತ್ತು ಮಗ್ರಿಬ್‌ನ ನಡುವೆ ಆ ಗಂಟೆ ಇದೆ. ಸಮಯ ಸಿಕ್ಕಿತು, ಇನ್ನು ಬೇಕಾದ್ದು ಜಾಗ.

ಜಾಗ ಹುಡುಕುವಾಗ ಮೊದಲು ನೋಡಬೇಕಾದ್ದು ಪಹಣಿ. ಸರ್ವೆ ನಂಬರ್ ತಗೊಂಡು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಅದು ಗೋಮಾಳವೋ, ಕೆರೆಯಂಗಳವೋ, ಶಾಲೆಯದ್ದೋ, ಪುರಸಭೆಯದ್ದೋ, ಖಾಸಗಿಯೋ ಎಂಬುದು ಅಲ್ಲಿ ತಿಳಿಯುತ್ತದೆ. ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸುವ ದಾರಿ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 71ನೇ ಕಲಮಿನಲ್ಲಿದೆ. ಗೋಮಾಳವಾದರೆ ಊರಿನ ದನಕರುಗಳ ಲೆಕ್ಕ ಬರುತ್ತದೆ. 100 ದನಕ್ಕೆ 30 ಎಕರೆ ಆಸುಪಾಸು ಮೇವಿನ ಜಾಗ ಉಳಿಯಬೇಕೆಂದು ನಿಯಮ ಇದೆ. ಅದನ್ನು ಮುರಿದು ಮೈದಾನ ಮಾಡಿದರೆ ರೈತರ ಜೊತೆ ಜಗಳವಾಗುತ್ತದೆ.

ಕೆಲವು ಜಾಗಗಳನ್ನು ಮೊದಲೇ ಬಿಟ್ಟುಬಿಡುವುದು ಒಳ್ಳೆಯದು. ಹಾನಗಲ್ಲಿನ ಆನೆಕೆರೆಯಾಗಲಿ ಹಿರೇಕೆರೂರಿನ ಕೆರೆಯಾಗಲಿ, ಬೇಸಿಗೆಯಲ್ಲಿ ನೀರು ಇಳಿದಾಗ ಅಂಗಳ ಒಳ್ಳೆಯ ಮೈದಾನದಂತೆ ಕಾಣುತ್ತದೆ. ಅದು ನೀರಿನ ಜಾಗ, ಅಲ್ಲಿ ಮಣ್ಣು ತುಂಬಲು ಕಾನೂನಿನಲ್ಲಿ ಅವಕಾಶ ಇಲ್ಲ. ಹಾನಗಲ್ಲಿನ ತಾರಕೇಶ್ವರ ದೇವಾಲಯ, ಶಿಗ್ಗಾಂವಿ ತಾಲೂಕಿನ ಬಂಕಾಪುರದ ನಾಗರೇಶ್ವರ ದೇವಾಲಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿವೆ. ಇಂಥ ಸ್ಮಾರಕಗಳಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್ ತನಕ ಅನುಮತಿ ಬೇಕು. ಗ್ಯಾಲರಿ, ಶೌಚಾಲಯ ಕಟ್ಟುವ ಕನಸಿದ್ದವರು ಟೇಪು ಹಿಡಿದು ಅಳೆಯುವುದು ಒಳ್ಳೆಯದು.

ಇದ್ದ ಜಾಗವನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ಆಸ್ಪತ್ರೆ ಒಳ್ಳೆಯದೇ, ಆದರೆ ಊರಿನವರ ಬಯಲನ್ನು ತೆಗೆದು ಕೊಡುವ ಅಧಿಕಾರ ಯಾರಿಗೂ ಇಲ್ಲ ಎನ್ನುವುದು ಅದರ ಸಾರ. ಅವರು ಗೆದ್ದದ್ದು ಯಾಕೆ? ಆ ಜಾಗ ‘ಉದ್ಯಾನ’ ಎಂದು ನಕ್ಷೆಯಲ್ಲಿ ಇತ್ತು. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆ ಕರ್ನಾಟಕದಲ್ಲಿ 1985ರ ಕಾಯ್ದೆಯೂ ಇದೆ. ಹಾನಗಲ್, ಶಿಗ್ಗಾಂವಿ, ಸವಣೂರಿನವರು ಪುರಸಭೆಯಲ್ಲಿ, ಹಿರೇಕೆರೂರಿನವರು ಪಟ್ಟಣ ಪಂಚಾಯತಿಯಲ್ಲಿ ಮುಖ್ಯಾಧಿಕಾರಿಯನ್ನು ಕಂಡು ಕೇಳಬಹುದು: ನಮ್ಮ ವಾರ್ಡಿನ ಬಡಾವಣೆ ನಕ್ಷೆಯಲ್ಲಿ ಬಯಲು ಜಾಗ ಎಲ್ಲೆಲ್ಲಿ ತೋರಿಸಿದ್ದೀರಿ, ಈಗ ಅಲ್ಲಿ ಏನಿದೆ?

ಎಷ್ಟು ಜಾಗ ಬೇಕು? ‘ಐದಾರು ಎಕರೆ ಇಲ್ಲದಿದ್ದರೆ ಯಾಕೆ ಕೈ ಹಾಕೋದು’ ಎನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಲೆಕ್ಕ ಹಾಕಿ ನೋಡೋಣ. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ವಾಲಿಬಾಲ್ 18ಕ್ಕೆ 9. ಖೋ ಖೋ 27ಕ್ಕೆ 16. ಮೂರಕ್ಕೂ ಸುತ್ತ ಮೂರು ಮೀಟರ್ ಬಿಟ್ಟರೂ ಒಟ್ಟು ಸುಮಾರು 1,400 ಚದರ ಮೀಟರ್ ಆಯಿತು, ಅಂದರೆ ಹದಿನಾಲ್ಕು ಗುಂಟೆ. ಒಂದು ಎಕರೆಯಲ್ಲಿ ಇನ್ನೂ 26 ಗುಂಟೆ ಉಳಿಯಿತು. ಚಿಕ್ಕ ಮಕ್ಕಳ ಜಾರುಬಂಡೆ, ಉಯ್ಯಾಲೆ, ಹೆಂಗಸರು ಮತ್ತು ವಯಸ್ಸಾದವರು ನಡೆಯುವ ದಾರಿ, ನೆರಳಿನ ಮರ, ನೀರು, ಶೌಚಾಲಯ ಎಲ್ಲಕ್ಕೂ ಸಾಕು. ಪೂರ್ತಿ ಅಳತೆಯ ಫುಟ್ಬಾಲ್ ಅಂಕಣಕ್ಕೆ ಮಾತ್ರ 105ಕ್ಕೆ 68 ಮೀಟರ್, ಒಂದು ಮುಕ್ಕಾಲು ಎಕರೆ ಬೇಕು. ಅದಿಲ್ಲದಿದ್ದರೆ ಐದೈದು ಜನ ಆಡುವ ಸಣ್ಣ ಅಂಕಣ ಸಾಕು. ಅಂಕಣದ ಉದ್ದ ಉತ್ತರ ದಕ್ಷಿಣಕ್ಕೆ ಇರಲಿ. ಇಲ್ಲದಿದ್ದರೆ ಸಂಜೆಯ ಬಿಸಿಲು ಒಂದು ಕಡೆಯವರ ಕಣ್ಣಿಗೇ ಹೊಡೆಯುತ್ತದೆ.

ಮಣ್ಣಿನ ವಿಷಯದಲ್ಲಿ ಕರಾವಳಿಯ ಅಂದಾಜು ಅಲ್ಲಿ ನಡೆಯದು. ನಮ್ಮ ಮುರಕಲ್ಲಿನ ನೆಲ ನೀರು ಹೀರುತ್ತದೆ. ಅಲ್ಲಿ ಎರೆಭೂಮಿ ಇರುವ ಕಡೆ ಮಳೆಗೆ ನೆಲ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವ ಹಾಗೆ ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಸಿಮೆಂಟು ಹಾಕಿದರೆ ಒಡೆಯುತ್ತದೆ. ಮೇಲಿನ ಎರೆಮಣ್ಣು ತೆಗೆದು, ಗರಸು ತುಂಬಿ, ನೀರು ಹಾಕಿ ರೋಲರ್ ಹೊಡೆದು, ಪ್ರತಿ ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ಇಳಿಜಾರು ಕೊಟ್ಟು, ಬದಿಯಲ್ಲಿ ಚರಂಡಿ ತೆಗೆಯಬೇಕು. ಮಳೆ ಹೆಚ್ಚಿರುವ ಹಾನಗಲ್ ಕಡೆ ಚರಂಡಿಗೆ ಇನ್ನೂ ಗಮನ ಬೇಕು. ಇದಕ್ಕೆ ತಾಲೂಕು ಎಂಜಿನಿಯರ್ ಸಲಹೆ ಕೇಳಿ. ಹಣ ಕಡಿಮೆ ಇದ್ದರೆ ಗ್ಯಾಲರಿ ಬಿಡಿ, ಚರಂಡಿ ಬಿಡಬೇಡಿ.

ಇನ್ನೊಂದು ವಿಚಾರ ಮೆಕ್ಕೆಜೋಳ. ಕೊಯ್ಲಿನ ಕಾಲದಲ್ಲಿ ರೈತರಿಗೆ ತೆನೆ ಒಣಗಿಸಲು ಗಟ್ಟಿ ನೆಲ ಬೇಕು. ಸಮತಟ್ಟಾದ ಮೈದಾನ ಕಂಡರೆ ಅದು ಕಣ ಆಗುವುದು ಸಹಜ. ರೈತರನ್ನು ಬೈದು ಪ್ರಯೋಜನ ಇಲ್ಲ. ಯೋಜನೆ ಹಾಕುವಾಗಲೇ ಪಕ್ಕದಲ್ಲಿ ಒಕ್ಕಣೆ ಕಣಕ್ಕೂ ಜಾಗ ಕೇಳಿ, ಇಲ್ಲವೇ ಯಾವ ವಾರದಿಂದ ಯಾವ ವಾರದ ತನಕ ಎಂದು ಮೊದಲೇ ಮಾತಾಡಿಕೊಳ್ಳಿ. ಆಗ ರೈತನೂ ಮೈದಾನದ ಪಾಲುದಾರ ಆಗುತ್ತಾನೆ.

ಈಗ ನಮ್ಮ ಮನೆಗಳ ಮಾತು. ಹತ್ತು ಹನ್ನೆರಡು ವರ್ಷ ಆಯಿತು ಅಂದ್ರೆ ನಮ್ಮ ಹೆಣ್ಮಕ್ಕಳ ಆಟ ನಿಂತುಹೋಗುತ್ತದೆ. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಬೇಕೆಂದಿಲ್ಲ, ಹೋಗಲು ಜಾಗ ಇಲ್ಲದಿದ್ದರೆ ಸಾಕು. ಅಲ್ಲಿ ಹುಡುಗರೇ ತುಂಬಿರುತ್ತಾರೆ, ಶೌಚಾಲಯ ಇಲ್ಲ, ಸಂಜೆ ದೀಪ ಇಲ್ಲ. ಉಮ್ಮಂದಿರು ಒಪ್ಪುವ ಮೈದಾನ ಬೇಕಾದರೆ ಇವು ಮೂರೂ ನಕ್ಷೆಯಲ್ಲೇ ಬರಬೇಕು. ವಾರಕ್ಕೆ ಕೆಲವು ಹೊತ್ತು ಹೆಣ್ಮಕ್ಕಳಿಗೇ ಮೀಸಲಿಡಿ. ರಸ್ತೆಯಿಂದ ಒಳಗೆ ಕಾಣುವಂತೆ ಗೋಡೆ ತಗ್ಗಾಗಿರಲಿ, ಯಾಕೆಂದರೆ ಎತ್ತರದ ಗೋಡೆಯ ಹಿಂದೆ ಭಯ ಜಾಸ್ತಿ. ಮೈದಾನದ ಸಮಿತಿಯಲ್ಲಿ ಹೆಂಗಸರು ಹೆಸರಿಗೆ ಮಾತ್ರ ಇರಬಾರದು, ವೇಳಾಪಟ್ಟಿ ಮಾಡುವುದು ಅವರ ಕೈಯಲ್ಲಿರಲಿ.

ಮೈದಾನ ಯಾರದ್ದು ಎನ್ನುವ ಪ್ರಶ್ನೆಗೂ ಮೊದಲೇ ಉತ್ತರ ಬೇಕು. ಭೂಮಿಯ ಮಾತು ಬಂದ ಕೂಡಲೇ ಮನಸ್ಸು ಒಡೆಯುವ ಕಾಲ ಇದು. ನಮ್ಮವರು ಹಣ ಹಾಕಿದರೂ ಅದು ಜಮಾಅತಿನ ಮೈದಾನ ಆಗಬಾರದು, ಊರಿನ ಮೈದಾನ ಆಗಬೇಕು. ಶಿಶುನಾಳ ಶರೀಫರು ಹುಟ್ಟಿದ ಶಿಶುವಿನಹಾಳ ಮತ್ತು ಕನಕದಾಸರು ಹುಟ್ಟಿದ ಬಾಡ ಎರಡೂ ಇರುವುದು ಶಿಗ್ಗಾಂವಿ ತಾಲೂಕಿನಲ್ಲೇ. ಗೋವಿಂದ ಭಟ್ಟರನ್ನು ಗುರುವಾಗಿ ಪಡೆದ ಶರೀಫರ ಆ ಮಣ್ಣಿನಲ್ಲಿ ಎಲ್ಲರ ಮಕ್ಕಳು ಒಂದೇ ತಂಡದಲ್ಲಿ ಕಬಡ್ಡಿ ಆಡುವುದು ದೊಡ್ಡ ಸಂಗತಿಯೇನೂ ಅಲ್ಲ. ನವಾಬರ ಊರಾದ ಸವಣೂರಿನ ಮಜೀದ್ ಹೈಸ್ಕೂಲಿನಲ್ಲಿ ಓದಿದವರೇ ವಿ.ಕೃ. ಗೋಕಾಕರು. ಒಂದೇ ಬೆಂಚಿನಲ್ಲಿ ಕೂತು ಕಲಿತ ಮಕ್ಕಳಿಗೆ ಒಂದೇ ಅಂಕಣದಲ್ಲಿ ಆಡುವುದು ಕಷ್ಟವೇ?

ಹಣಕ್ಕೆ ದಾರಿ ಹಳ್ಳಿಗೂ ಪಟ್ಟಣಕ್ಕೂ ಬೇರೆ. ಹಳ್ಳಿಗಳಲ್ಲಿ 2005ರ ಉದ್ಯೋಗ ಖಾತರಿ ಕಾಯ್ದೆಯ ಕಾಮಗಾರಿ ಪಟ್ಟಿಯಲ್ಲಿ ಆಟದ ಮೈದಾನಕ್ಕೂ ಜಾಗ ಸಿಕ್ಕಿತ್ತು. ಕೂಲಿಗೆ 60, ಸಾಮಗ್ರಿಗೆ 40 ಎಂಬ ಲೆಕ್ಕದಲ್ಲಿ ರಾಜ್ಯದ ಹಲವು ಶಾಲೆಗಳಿಗೆ ಅಂಕಣ, ಕಾಂಪೌಂಡ್ ಬಂದವು. ಈಗ ಯಾವ ಯೋಜನೆಯಡಿ ಮಾಡಬಹುದು ಎಂದು ಪಿಡಿಒ ಬಳಿ ಕೇಳಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ, ನಡಾವಳಿಯಲ್ಲಿ ಬರೆಸಿ. ಬಾಯಿಮಾತಿನ ಬೇಡಿಕೆ ಸಭೆ ಮುಗಿದ ಕೂಡಲೇ ಮುಗಿಯುತ್ತದೆ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯೂ ನಡೆಯುತ್ತದೆ. ಅದರ ಬೇರು ನಮ್ಮ ಕರಾವಳಿಯಲ್ಲೇ ಇದೆ. 1990ರ ದಶಕದಲ್ಲಿ ಕುಂದಾಪುರ ಭಾಗದ ಮಕ್ಕಳು ಮಕ್ಕಳ ಪಂಚಾಯತ್ ಮಾಡಿ ತಮ್ಮ ಊರಿನ ಕೊರತೆಗಳನ್ನು ದೊಡ್ಡವರ ಎದುರಿಗೆ ಇಟ್ಟಿದ್ದರು. ಎಲ್ಲಿ ಆಡ್ತೀರಿ, ಏನು ಬೇಕು ಎಂದು ಮಕ್ಕಳನ್ನೇ ಕೇಳಿದರೆ ಅರ್ಧ ನಕ್ಷೆ ತಯಾರಾದ ಹಾಗೆ.

ಮೈದಾನ ಆದ ಮೇಲಿನ ಖರ್ಚನ್ನೂ ಈಗಲೇ ಯೋಚಿಸಿ. ಗರಸು ವರ್ಷಕ್ಕೊಮ್ಮೆ ತುಂಬಬೇಕು, ಬಲೆ ಹರಿಯುತ್ತದೆ, ಬಲ್ಬು ಹೋಗುತ್ತದೆ. ಟೂರ್ನಮೆಂಟ್ ನಡೆಸುವವರಿಂದ ಸಣ್ಣ ಶುಲ್ಕ ಪಡೆದು ಆ ಲೆಕ್ಕವನ್ನು ಬೋರ್ಡಿನಲ್ಲಿ ಹಾಕಿ. ದಿನನಿತ್ಯ ಆಡುವ ಮಕ್ಕಳಿಗೆ ಮಾತ್ರ ಬಾಗಿಲು ಉಚಿತವಾಗಿ ತೆರೆದಿರಲಿ.

ಹಾನಗಲ್ಲಿನಲ್ಲೋ ಹಿರೇಕೆರೂರಿನಲ್ಲೋ ಅಂಗಡಿ ಇಟ್ಟಿರುವ ಬಂಧುಗಳು ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಈ ಪುಟವನ್ನು ಅವರಿಗೆ ಕಳಿಸಿ. ಅಲ್ಲಿ ಯಾರೂ ಇಲ್ಲದವರು ನಿಮ್ಮದೇ ಊರಿನ ಬಯಲಿನ ಸರ್ವೆ ನಂಬರ್ ತಿಳಿದುಕೊಳ್ಳಿ. ಒಂದು ಅರ್ಜಿ, ಒಂದು ಪಹಣಿ ಪ್ರತಿ, ಎರಡು ಸಲ ತಾಲೂಕು ಕಚೇರಿಗೆ ಹೋಗುವ ಬಸ್ ಚಾರ್ಜು. ಈ ಕೆಲಸಕ್ಕೆ ಈಗ ಬೇಕಾದ್ದು ಇಷ್ಟೇ.