ಬ್ಲೀಚಿಂಗ್ ಪುಡಿ ಮತ್ತು ನೀರು ಪರೀಕ್ಷಾ ರಾಸಾಯನಿಕಗಳ ದಾಸ್ತಾನು: ಗಣಕೀಕೃತ ನಿರ್ವಹಣೆಯ ಕುರಿತು ಗ್ರಾಮ ಪಂಚಾಯತಿ ಸದಸ್ಯರಿಗೆ ವಿವರಣೆ

(ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಗ್ರಾಮ ಪಂಚಾಯತಿಗಳ ಚುನಾಯಿತ ಪ್ರತಿನಿಧಿಗಳ ಅವಗಾಹನೆಗಾಗಿ)



1. ಹಿನ್ನೆಲೆ

2022ರ ಅಕ್ಟೋಬರ್ ತಿಂಗಳಿನಲ್ಲಿ ರಾಮದುರ್ಗ ತಾಲ್ಲೂಕಿನ ಮುದೇನೂರು ಗ್ರಾಮದಲ್ಲಿ ಕಲುಷಿತ ನೀರಿನ ಸೇವನೆಯಿಂದ ಸಾವುಗಳು ಸಂಭವಿಸಿದವು. ಅನೇಕರು ವಾಂತಿಭೇದಿಯಿಂದ ಬಳಲಿ ಆಸ್ಪತ್ರೆ ಸೇರಿದರು. ಕುಡಿಯುವ ನೀರು ಕಲುಷಿತಗೊಳ್ಳುವ ದಾರಿಗಳು ಹಲವು. ಕೊಳವೆಯ ಸೋರಿಕೆ, ಚರಂಡಿಯ ಸಾಮೀಪ್ಯ, ತೊಳೆಯದ ಮೇಲ್ಮಟ್ಟದ ಜಲಸಂಗ್ರಹಾಗಾರ ಇವುಗಳಲ್ಲಿ ಕೆಲವು. ಈ ಎಲ್ಲ ದಾರಿಗಳಿಗೂ ಕೊನೆಯ ತಡೆಗೋಡೆಯಾಗಿ ನಿಲ್ಲುವವು ಎರಡು: ನೀರಿಗೆ ಸೇರಿಸುವ ಕ್ಲೋರಿನ್ ಮತ್ತು ನೀರಿನ ಪರೀಕ್ಷೆ. ಇವೆರಡೂ ರಾಸಾಯನಿಕಗಳನ್ನು ಅವಲಂಬಿಸಿವೆ. ಆ ರಾಸಾಯನಿಕಗಳು ಎಷ್ಟಿವೆ, ಎಲ್ಲಿವೆ, ಇನ್ನೂ ಶಕ್ತಿ ಉಳಿಸಿಕೊಂಡಿವೆಯೇ ಎಂಬುದನ್ನು ಪಂಚಾಯತಿ ಯಾವುದೇ ದಿನ ಹೇಳಬಲ್ಲಂತಿರಬೇಕು. ಅದನ್ನು ಗಣಕಯಂತ್ರದ ನೆರವಿನಿಂದ ಸಾಧಿಸುವ ಸರಳ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

2. ಉಗ್ರಾಣವೂ ಒಂದು ಪ್ರಯೋಗಾಲಯವೇ

ರಾಸಾಯನಿಕಗಳ ದಾಸ್ತಾನು ಎಂದೊಡನೆ ಕಾಲೇಜು ಅಥವಾ ಔಷಧ ಕಾರ್ಖಾನೆಯ ಚಿತ್ರ ಮನಸ್ಸಿಗೆ ಬರುವುದು ಸಹಜ. ಆದರೆ ಬಹುತೇಕ ಗ್ರಾಮ ಪಂಚಾಯತಿಗಳ ಅಧೀನದಲ್ಲಿ ಇಂದು ಈ ಕೆಳಗಿನವು ಇರುತ್ತವೆ:

ಅ) ಬ್ಲೀಚಿಂಗ್ ಪುಡಿಯ ಚೀಲಗಳು, ಕೆಲವೆಡೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ.
ಆ) ಜಲ ಜೀವನ ಮಿಷನ್ ಅಡಿಯಲ್ಲಿ ಬಂದಿರುವ ಕ್ಷೇತ್ರ ಪರೀಕ್ಷಾ ಪೆಟ್ಟಿಗೆಗಳು. ಇವುಗಳಲ್ಲಿ ಆಮ್ಲೀಯತೆ, ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಉಳಿಕೆ ಕ್ಲೋರಿನ್ ಮೊದಲಾದವುಗಳ ಪರೀಕ್ಷೆಗೆ ಬೇಕಾದ ಸಣ್ಣ ಸೀಸೆಗಳಿರುತ್ತವೆ.
ಇ) ಸೂಕ್ಷ್ಮಾಣುಜೀವಿಗಳ ಪರೀಕ್ಷೆಗಾಗಿ ಬಳಸುವ ಹೈಡ್ರೋಜನ್ ಸಲ್ಫೈಡ್ ಸೀಸೆಗಳು.
ಈ) ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಪೊರೆಯ ಮೇಲೆ ಲವಣ ಕಟ್ಟದಂತೆ ತಡೆಯಲು ಬಳಸುವ ದ್ರಾವಣ.
ಉ) ಶೌಚಾಲಯ ಶುಚಿಗೊಳಿಸುವ ಆಮ್ಲ, ಫಿನೈಲ್, ಸೊಳ್ಳೆ ನಿಯಂತ್ರಣದ ದ್ರಾವಣಗಳು.

ಇವುಗಳ ಖರೀದಿಯ ಲೆಕ್ಕ ಪಂಚತಂತ್ರ ತಂತ್ರಾಂಶದಲ್ಲಿ ದಾಖಲಾಗುತ್ತದೆ. ನೀರಿನ ಪರೀಕ್ಷೆಯ ಫಲಿತಾಂಶವನ್ನು 2021ರಲ್ಲಿ ಆರಂಭಗೊಂಡ ನೀರಿನ ಗುಣಮಟ್ಟ ನಿರ್ವಹಣಾ ಮಾಹಿತಿ ವ್ಯವಸ್ಥೆ, ಅಂದರೆ ಡಬ್ಲ್ಯೂಕ್ಯೂಎಂಐಎಸ್ ಜಾಲತಾಣದಲ್ಲಿ ನಮೂದಿಸಲಾಗುತ್ತದೆ. ಆದರೆ ಚೀಲ ಯಾವ ದಿನ ತೆರೆಯಿತು, ಅದು ಒದ್ದೆಯಾಗಿದೆಯೇ, ಯಾವ ಸೀಸೆಯ ಅವಧಿ ಮುಂದಿನ ತಿಂಗಳು ಮುಗಿಯಲಿದೆ ಎಂಬುದನ್ನು ಖರೀದಿಯ ವೋಚರ್ ಹೇಳುವುದಿಲ್ಲ, ಫಲಿತಾಂಶದ ಅಂಕಿಯೂ ಹೇಳುವುದಿಲ್ಲ. ಖರೀದಿಗೂ ಫಲಿತಾಂಶಕ್ಕೂ ನಡುವೆ ಇರುವ ಈ ಅಂತರವನ್ನು ತುಂಬುವುದೇ ದಾಸ್ತಾನು ನಿರ್ವಹಣೆ.

3. ಬ್ಲೀಚಿಂಗ್ ಪುಡಿಯ ಲೆಕ್ಕ

ಉತ್ತಮ ಗುಣಮಟ್ಟದ ಬ್ಲೀಚಿಂಗ್ ಪುಡಿಯಲ್ಲಿ ಸುಮಾರು ಶೇಕಡ 33ರಷ್ಟು ಲಭ್ಯ ಕ್ಲೋರಿನ್ ಇರುತ್ತದೆ. ಸಾಮಾನ್ಯ ಲೆಕ್ಕದಂತೆ 1,000 ಲೀಟರ್ ತಿಳಿನೀರಿಗೆ 2.5 ಗ್ರಾಂ ಪುಡಿ ಬೇಕು. 50,000 ಲೀಟರ್ ಸಾಮರ್ಥ್ಯದ ಟ್ಯಾಂಕನ್ನು ದಿನಕ್ಕೆ ಎರಡು ಬಾರಿ ತುಂಬಿಸುವ ಗ್ರಾಮದಲ್ಲಿ ದಿನವೊಂದಕ್ಕೆ 250 ಗ್ರಾಂ ಪುಡಿ ಖರ್ಚಾಗಬೇಕು. ಅಂದರೆ 25 ಕಿಲೋಗ್ರಾಂ ಚೀಲವೊಂದು 100 ದಿನಗಳಿಗೆ ಸಾಕಾಗುತ್ತದೆ.

ಆದರೆ ಗಾಳಿ, ಬೆಳಕು, ತೇವ ಮತ್ತು ಬಿಸಿಲಿನ ಶಾಖಕ್ಕೆ ಈ ಪುಡಿ ತನ್ನ ಕ್ಲೋರಿನ್ ಅನ್ನು ನಿರಂತರವಾಗಿ ಕಳೆದುಕೊಳ್ಳುತ್ತದೆ. ತಗಡಿನ ಚಾವಣಿಯ ಪಂಪುಮನೆಯಲ್ಲಿ ಬಾಯಿ ತೆರೆದಿಟ್ಟ ಚೀಲದ ಶಕ್ತಿ ಶೇಕಡ 33ರಿಂದ 22ಕ್ಕೆ ಇಳಿಯಿತೆಂದು ಭಾವಿಸೋಣ. ನೀರಗಂಟಿಯವರು ಎಂದಿನಂತೆ 250 ಗ್ರಾಂ ಹಾಕುತ್ತಾರೆ. ಮೊದಲು ಪ್ರತಿ ಲೀಟರ್ ನೀರಿಗೆ ಸುಮಾರು 0.82 ಮಿಲಿಗ್ರಾಂ ಕ್ಲೋರಿನ್ ದೊರೆಯುತ್ತಿತ್ತು. ಈಗ ದೊರೆಯುವುದು 0.55 ಮಿಲಿಗ್ರಾಂ ಮಾತ್ರ. ನೀರಿನಲ್ಲಿರುವ ಕಲ್ಮಶವೇ 0.5 ಮಿಲಿಗ್ರಾಂ ಕ್ಲೋರಿನ್ ಅನ್ನು ನುಂಗಿದರೆ, ಮೊದಲು 0.32 ಮಿಲಿಗ್ರಾಂ ಉಳಿಯುತ್ತಿದ್ದ ಜಾಗದಲ್ಲಿ ಈಗ ಉಳಿಯುವುದು 0.05 ಮಾತ್ರ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಪ್ರಕಾರ ನೀರಿನಲ್ಲಿ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಕೆಲಸ ಕ್ರಮಬದ್ಧವಾಗಿಯೇ ನಡೆದಿದೆ, ಅಳತೆಯೂ ಸರಿಯಾಗಿದೆ, ಪುಸ್ತಕದಲ್ಲಿ ಸಹಿಯೂ ಇದೆ. ಆದರೂ ಕೊನೆಯ ಓಣಿಯ ನಲ್ಲಿಗೆ ರಕ್ಷಣೆಯಿಲ್ಲದ ನೀರು ತಲುಪುತ್ತದೆ. ಹಳೆಯ ದಾಸ್ತಾನಿನ ಅಪಾಯ ಹೀಗೆ ಕಣ್ಣಿಗೆ ಕಾಣದಂತಹದು.

ಬಳಕೆಯ ಪ್ರಮಾಣ ವರ್ಷವಿಡೀ ಒಂದೇ ಆಗಿರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಮಳೆಗಾಲದಲ್ಲಿ ಮಲಪ್ರಭೆಯ ನೀರು ರಾಡಿಯಾದಾಗ ಕ್ಲೋರಿನ್ ಬೇಡಿಕೆ ಏರುತ್ತದೆ. 2019ರ ಆಗಸ್ಟ್ ಪ್ರವಾಹದಂತಹ ಸಂದರ್ಭದಲ್ಲಿ ನದಿತೀರದ ಗ್ರಾಮಗಳಿಗೆ ಹೆಚ್ಚುವರಿ ಪುಡಿ ಅನಿವಾರ್ಯ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರು ಹಾದಿಯ ಗ್ರಾಮಗಳಲ್ಲಿಯೂ ಬೀಡುಬಿಡುತ್ತಾರೆ. ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವವಿರುತ್ತದೆ. ಇಂತಹ ತಿಂಗಳುಗಳ ಹಿಂದಿನ ವರ್ಷದ ಬಳಕೆ ದಾಖಲಾಗಿದ್ದರೆ ಈ ವರ್ಷದ ಬೇಡಿಕೆಯನ್ನು ಮೊದಲೇ ಅಂದಾಜಿಸಬಹುದು.

4. ಪರೀಕ್ಷಾ ಪೆಟ್ಟಿಗೆಯ ಸೂಕ್ಷ್ಮಗಳು

ಪ್ರತಿ ಗ್ರಾಮದಲ್ಲಿ ಐವರಿಗೆ, ಆದ್ಯತೆಯ ಮೇಲೆ ಮಹಿಳೆಯರಿಗೆ, ಪರೀಕ್ಷಾ ಪೆಟ್ಟಿಗೆಯ ಬಳಕೆಯ ತರಬೇತಿ ನೀಡುವುದು ಜಲ ಜೀವನ ಮಿಷನ್‌ನ ಆಶಯ. ಪೆಟ್ಟಿಗೆಯ ಪ್ರತಿಯೊಂದು ಸೀಸೆಗೂ ತನ್ನದೇ ಆದ ಬಾಳಿಕೆಯ ಅವಧಿಯಿದೆ. ಪೆಟ್ಟಿಗೆಯ ಹೊರಗಿನ ಒಂದೇ ದಿನಾಂಕವನ್ನು ನೋಡಿ ತೃಪ್ತರಾಗುವುದು ಸಾಲದು.

ಈ ಪರೀಕ್ಷೆಗಳಲ್ಲಿ ಹೆಚ್ಚಿನವು ಬಣ್ಣವನ್ನು ಆಧರಿಸಿವೆ. ಅವಧಿ ಮೀರಿದ ದ್ರಾವಣ ಸರಿಯಾದ ಬಣ್ಣ ಕೊಡುವುದಿಲ್ಲ. ಆಗ ಎರಡು ಬಗೆಯ ತಪ್ಪು ಸಾಧ್ಯ: ಒಳ್ಳೆಯ ನೀರನ್ನು ಕೆಟ್ಟದ್ದೆಂದು ತಿಳಿಯುವುದು, ಕೆಟ್ಟ ನೀರನ್ನು ಒಳ್ಳೆಯದೆಂದು ತಿಳಿಯುವುದು. ಮೊದಲನೆಯದರಿಂದ ಅನವಶ್ಯಕ ಖರ್ಚು. ಎರಡನೆಯದರಿಂದ ಜನರ ಆರೋಗ್ಯಕ್ಕೆ ಹಾನಿ. ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು, ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು ಎಂಬ ಮಿತಿಗಳಿವೆ. ಕೊಳವೆಬಾವಿಯನ್ನೇ ನಂಬಿರುವ ಗ್ರಾಮದಲ್ಲಿ ಈ ಎರಡು ದ್ರಾವಣಗಳು ಸತ್ವ ಕಳೆದುಕೊಂಡರೆ ಪರೀಕ್ಷೆ ನಡೆದೂ ನಡೆಯದಂತೆ. ಇವೆರಡೂ ನೀರನ್ನು ಕುದಿಸುವುದರಿಂದ ಹೋಗುವ ದೋಷಗಳಲ್ಲ.

5. ತಂತ್ರಾಂಶ ಮಾಡುವ ಕೆಲಸ

ದೊಡ್ಡ ಪ್ರಯೋಗಾಲಯಗಳಲ್ಲಿ ರಾಸಾಯನಿಕಗಳ ದಾಸ್ತಾನಿಗಾಗಿ ವಿಶೇಷ ತಂತ್ರಾಂಶಗಳಿವೆ. ಪ್ರತಿ ಬಾಟಲಿಗೆ ಕ್ಯೂಆರ್ ಸಂಕೇತದ ಚೀಟಿ ಅಂಟಿಸಿ, ಅದು ಬಂದ ದಿನದಿಂದ ವಿಲೇವಾರಿಯಾಗುವ ದಿನದವರೆಗೆ ಅದರ ಚಲನವಲನವನ್ನು ಅವು ದಾಖಲಿಸುತ್ತವೆ. ಗ್ರಾಮ ಪಂಚಾಯತಿಗೆ ಅಂತಹ ದುಬಾರಿ ವ್ಯವಸ್ಥೆಯ ಅಗತ್ಯವಿಲ್ಲ. ಕಚೇರಿಯ ಗಣಕಯಂತ್ರದಲ್ಲಿ ಈಗಾಗಲೇ ಇರುವ ಸ್ಪ್ರೆಡ್‌ಶೀಟ್ ಸಾಕು. ಪ್ರತಿ ಚೀಲ ಅಥವಾ ಸೀಸೆಗೆ ಒಂದು ಸಾಲು; ಆ ಸಾಲಿನಲ್ಲಿ ಹತ್ತು ಅಂಕಣಗಳು: ವಸ್ತುವಿನ ಹೆಸರು, ತಯಾರಿಕಾ ತಂಡದ ಸಂಖ್ಯೆ, ತಯಾರಾದ ದಿನಾಂಕ, ಅವಧಿ ಮುಗಿಯುವ ದಿನಾಂಕ, ಪಂಚಾಯತಿಗೆ ಬಂದ ದಿನಾಂಕ, ತೆರೆದ ದಿನಾಂಕ, ಬಂದ ಪ್ರಮಾಣ, ಬಳಸಿದ ಪ್ರಮಾಣ, ಇರಿಸಿದ ಸ್ಥಳ, ಜವಾಬ್ದಾರಿ ಹೊತ್ತವರು.

ಇಷ್ಟು ಮಾಹಿತಿ ತುಂಬಿದರೆ ಗಣಕಯಂತ್ರ ನಾಲ್ಕು ಕೆಲಸಗಳನ್ನು ತಾನೇ ಮಾಡಿಕೊಡುತ್ತದೆ.

ಮೊದಲನೆಯದಾಗಿ, ಅವಧಿಯ ಎಚ್ಚರಿಕೆ. ಅವಧಿ ಮುಗಿಯುವ ದಿನಾಂಕದಿಂದ ಅಂದಿನ ದಿನಾಂಕವನ್ನು ಕಳೆದು ಉಳಿದ ದಿನಗಳನ್ನು ತೋರಿಸುತ್ತದೆ. 60 ದಿನಗಳಿಗಿಂತ ಕಡಿಮೆ ಉಳಿದರೆ ಸಾಲು ಹಳದಿಯಾಗುವಂತೆ, ಅವಧಿ ಮುಗಿದರೆ ಕೆಂಪಾಗುವಂತೆ ಹೊಂದಿಸಬಹುದು.

ಎರಡನೆಯದಾಗಿ, ಬಳಕೆಯ ಸರದಿ. ಯಾವುದರ ಅವಧಿ ಮೊದಲು ಮುಗಿಯುವುದೋ ಅದನ್ನೇ ಮೊದಲು ಬಳಸಬೇಕೆಂಬುದು ನಿಯಮ. ಹೊಸ ಚೀಲವನ್ನು ಮುಂದೆ, ಹಳೆಯದನ್ನು ಗೋಡೆಯ ಕಡೆ ಇರಿಸುವುದು ಉಗ್ರಾಣಗಳ ರೂಢಿ. ಅದರಿಂದ ಹಳೆಯ ಚೀಲ ಹಾಗೆಯೇ ಉಳಿದುಬಿಡುತ್ತದೆ. ದಿನಾಂಕದ ಕ್ರಮದಲ್ಲಿ ಜೋಡಿಸಿದ ಪಟ್ಟಿ ಈ ರೂಢಿಯನ್ನು ತಿದ್ದುತ್ತದೆ.

ಮೂರನೆಯದಾಗಿ, ಮರುಖರೀದಿಯ ಹಂತ. ಮೇಲಿನ ಉದಾಹರಣೆಯ ಗ್ರಾಮದಲ್ಲಿ ಹೊಸ ಸರಬರಾಜಿಗೆ 30 ದಿನಗಳು ಬೇಕೆಂದು ಇಟ್ಟುಕೊಂಡರೆ 7.5 ಕಿಲೋಗ್ರಾಂ, ಆಕಸ್ಮಿಕಗಳಿಗೆಂದು ಇನ್ನೂ 15 ದಿನಗಳ 3.75 ಕಿಲೋಗ್ರಾಂ, ಒಟ್ಟು 11.25 ಕಿಲೋಗ್ರಾಂ. ದಾಸ್ತಾನು ಈ ಮಟ್ಟಕ್ಕೆ ಇಳಿದ ದಿನವೇ ಬೇಡಿಕೆ ಪತ್ರ ಹೊರಡಬೇಕು. ಚೀಲದ ತಳ ಕಂಡ ಮೇಲೆ ಹೊರಡುವ ಪತ್ರದಿಂದ ಒಂದು ತಿಂಗಳು ಜನರು ಕ್ಲೋರಿನ್ ಇಲ್ಲದ ನೀರು ಕುಡಿಯಬೇಕಾಗುತ್ತದೆ.

ನಾಲ್ಕನೆಯದಾಗಿ, ಹಂಚಿಕೆ. ಒಂದು ಗ್ರಾಮದಲ್ಲಿ ಹೆಚ್ಚಾಗಿರುವ ಸೀಸೆಗಳು ಅವಧಿ ಮುಗಿಯುವ ಮೊದಲು ಕೊರತೆಯಿರುವ ಇನ್ನೊಂದು ಗ್ರಾಮಕ್ಕೆ ಉಪಯೋಗವಾಗಬಹುದು. ಪಟ್ಟಿ ಒಂದೇ ಕಡೆ ಇದ್ದಾಗ ಮಾತ್ರ ಇದು ತಿಳಿಯುತ್ತದೆ.

ವಿದ್ಯುತ್ ಮತ್ತು ಅಂತರ್ಜಾಲದ ಅಡಚಣೆ ಇರುವುದರಿಂದ ಪಂಪುಮನೆಯಲ್ಲಿ ಕಾಗದದ ಪುಸ್ತಕ ಮುಂದುವರಿಯಲಿ. ನೀರಗಂಟಿಯವರು ದಿನದ ಬಳಕೆಯನ್ನು ಅದರಲ್ಲಿ ಬರೆಯಲಿ. ವಾರಕ್ಕೊಮ್ಮೆ ಆ ಪುಟದ ಚಿತ್ರವನ್ನು ಮೊಬೈಲಿನಲ್ಲಿ ಕಚೇರಿಗೆ ಕಳುಹಿಸಿದರೆ ಗಣಕಯಂತ್ರ ನಿರ್ವಾಹಕರು ನಮೂದಿಸಬಹುದು. ಚೀಲ ಅಥವಾ ಸೀಸೆಯನ್ನು ತೆರೆದ ದಿನವೇ ಅದರ ಮೇಲೆ ಅಳಿಸದ ಶಾಯಿಯಿಂದ ದಿನಾಂಕ ಬರೆಯುವುದು ಕಡ್ಡಾಯವಾಗಿರಲಿ.

6. ಲೆಕ್ಕಗಳ ತಾಳೆ

ದಾಸ್ತಾನು ಪಟ್ಟಿಯ ದೊಡ್ಡ ಪ್ರಯೋಜನ ಉಳಿತಾಯವಲ್ಲ, ಸತ್ಯದ ಪರಿಶೀಲನೆ. 100 ದಿನ ಬರಬೇಕಾದ ಚೀಲ 180 ದಿನ ಬಂದಿದ್ದರೆ ಅದು ಮಿತವ್ಯಯದ ಗುರುತಲ್ಲ. ಅಷ್ಟು ದಿನಗಳಲ್ಲಿ ಕ್ಲೋರಿನೀಕರಣ ತಪ್ಪಿದೆ ಅಥವಾ ಪ್ರಮಾಣ ಕಡಿಮೆಯಾಗಿದೆ ಎಂಬುದರ ಸೂಚನೆ. ಅದೇ ಚೀಲ 40 ದಿನಗಳಲ್ಲಿ ಮುಗಿದಿದ್ದರೆ ಪುಡಿ ಪೋಲಾಗಿದೆ, ಸತ್ವಹೀನವಾಗಿದೆ ಅಥವಾ ಬೇರೆಡೆ ಹೋಗಿದೆ. ಹಾಗೆಯೇ, ಜಾಲತಾಣದಲ್ಲಿ ಹಲವಾರು ಪರೀಕ್ಷೆಗಳ ಫಲಿತಾಂಶ ನಮೂದಾಗಿದ್ದು ಪೆಟ್ಟಿಗೆಯ ಸೀಸೆಗಳು ಇನ್ನೂ ಮೊಹರು ಸಹಿತ ಇದ್ದರೆ, ಆ ಅಂಕಿಗಳು ಎಲ್ಲಿಂದ ಬಂದವು ಎಂದು ಕೇಳಲೇಬೇಕಾಗುತ್ತದೆ. ಈ ಪ್ರಶ್ನೆಯ ಉದ್ದೇಶ ಯಾರನ್ನೂ ಶಿಕ್ಷಿಸುವುದಲ್ಲ. ತರಬೇತಿ ಮರೆತಿರಬಹುದು, ಗೌರವಧನ ಬಾಕಿಯಿರಬಹುದು, ಅಳತೆಯ ಪಾತ್ರೆಯೇ ಇಲ್ಲದಿರಬಹುದು. ಕಾರಣ ತಿಳಿದರೆ ಪರಿಹಾರ ಸಾಧ್ಯ.

ಬೇವು ಬಿತ್ತಿ ಮಾವು ಬೆಳೆಯಲಾಗದು. ಊಹೆಯ ಅಂಕಿಗಳನ್ನು ತುಂಬಿದ ತಂತ್ರಾಂಶ ಊಹೆಯನ್ನೇ ಅಚ್ಚುಕಟ್ಟಾಗಿ ಮುದ್ರಿಸಿ ಕೊಡುತ್ತದೆ. ಆದ್ದರಿಂದ ಮೂರು ತಿಂಗಳಿಗೊಮ್ಮೆ ಉಗ್ರಾಣವನ್ನು ತೆರೆದು, ಎಣಿಸಿ, ತೂಗಿ, ಪಟ್ಟಿಯೊಂದಿಗೆ ತಾಳೆ ನೋಡುವುದು ಅವಶ್ಯಕ.

ದಾಖಲೆ ಇದ್ದರಷ್ಟೇ ಸಾಲದು, ಅದರ ಮೇಲೆ ಕ್ರಮವೂ ಆಗಬೇಕೆಂಬುದಕ್ಕೆ ಬೈರೂತ್ ನಗರದ ದುರಂತ ಸಾಕ್ಷಿ. ಅಲ್ಲಿನ ಬಂದರಿನ ಗೋದಾಮಿನಲ್ಲಿ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಬಿದ್ದಿತ್ತು. ಅಧಿಕಾರಿಗಳ ನಡುವೆ ಪತ್ರ ವ್ಯವಹಾರವೂ ನಡೆದಿತ್ತು. 2020ರ ಆಗಸ್ಟ್ 4ರಂದು ಅದು ಸ್ಫೋಟಿಸಿ 200ಕ್ಕೂ ಹೆಚ್ಚು ಜನರು ಮೃತಪಟ್ಟರು. ನಮ್ಮ ಉಗ್ರಾಣದ ಪ್ರಮಾಣ ಅದಕ್ಕೆ ಹೋಲಿಕೆಯಲ್ಲ. ಆದರೆ ಕಡತ ಒಂದೆಡೆ, ವಸ್ತು ಇನ್ನೊಂದೆಡೆ ಉಳಿಯುವ ಸ್ಥಿತಿ ನಮಗೂ ಅಪರಿಚಿತವಲ್ಲ.

7. ಸಂಗ್ರಹಣೆಯಲ್ಲಿ ವಹಿಸಬೇಕಾದ ಎಚ್ಚರ

ಬ್ಲೀಚಿಂಗ್ ಪುಡಿಯನ್ನು ಶೌಚಾಲಯದ ಆಮ್ಲದೊಂದಿಗೆ ಒಂದೇ ಕಪಾಟಿನಲ್ಲಿ ಇಡಬಾರದು. ಎರಡೂ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಸೀಮೆಎಣ್ಣೆ, ಡೀಸೆಲ್, ಯೂರಿಯಾ ಇವುಗಳಿಂದಲೂ ಅದನ್ನು ದೂರವಿರಿಸಬೇಕು. ಚೀಲಗಳು ನೆಲಕ್ಕೆ ತಾಗದಂತೆ ಮರದ ಹಲಗೆಯ ಮೇಲೆ, ಗಾಳಿಯಾಡುವ ಒಣ ಕೋಣೆಯಲ್ಲಿ, ಬಿಸಿಲು ಬೀಳದ ಕಡೆ ಇರಲಿ. ತೆರೆದ ಪುಡಿಯನ್ನು ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಬೇಕು. ಲೋಹದ ಪಾತ್ರೆ ಸಲ್ಲದು. ಸ್ಪ್ರೆಡ್‌ಶೀಟಿನ ‘ಇರಿಸಿದ ಸ್ಥಳ’ ಎಂಬ ಅಂಕಣದಿಂದ ಒಟ್ಟಿಗೆ ಇರಬಾರದ ವಸ್ತುಗಳು ಒಂದೇ ಕೋಣೆಯಲ್ಲಿವೆಯೇ ಎಂಬುದು ತಿಳಿಯುತ್ತದೆ.

ಬಳಸಿದ ಹಾಗೂ ಅವಧಿ ಮೀರಿದ ಸೀಸೆಗಳನ್ನು ಚರಂಡಿಗೆ, ಬಾವಿಗೆ ಅಥವಾ ತಿಪ್ಪೆಗೆ ಎಸೆಯಬಾರದು. ಅವುಗಳನ್ನು ಬೇರೆಯಾಗಿ ಇರಿಸಿ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದ ಸಲಹೆಯಂತೆ ವಿಲೇವಾರಿ ಮಾಡಬೇಕು. ಸೂಕ್ಷ್ಮಾಣುಜೀವಿ ಪರೀಕ್ಷೆಯಲ್ಲಿ ಕಪ್ಪಾದ ಸೀಸೆಯೊಳಗೆ ರೋಗಾಣುಗಳು ಬೆಳೆದಿರಬಹುದಾದ್ದರಿಂದ ಅದನ್ನು ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು.

8. ಸದಸ್ಯರು ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು

ಅ) ನಮ್ಮ ವಾರ್ಡಿನ ಟ್ಯಾಂಕಿನ ಸಾಮರ್ಥ್ಯವೆಷ್ಟು, ದಿನಕ್ಕೆ ಎಷ್ಟು ಬಾರಿ ತುಂಬುತ್ತದೆ, ಅದಕ್ಕೆ ಎಷ್ಟು ಪುಡಿ ಬೇಕು?
ಆ) ಈಗ ಬಳಕೆಯಲ್ಲಿರುವ ಚೀಲ ತಯಾರಾದುದು ಯಾವಾಗ, ತೆರೆದುದು ಯಾವಾಗ?
ಇ) ಮುಂದಿನ 60 ದಿನಗಳಲ್ಲಿ ಅವಧಿ ಮುಗಿಯುವ ವಸ್ತುಗಳು ಯಾವುವು?
ಈ) ಕೊನೆಯ ಓಣಿಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಕಡೆಯ ಬಾರಿ ಎಷ್ಟಿತ್ತು?
ಉ) ಉಗ್ರಾಣದ ಭೌತಿಕ ಎಣಿಕೆ ಕಡೆಯ ಬಾರಿ ನಡೆದುದು ಯಾವ ದಿನ, ವ್ಯತ್ಯಾಸವೆಷ್ಟು?

ಈ ಐದು ಪ್ರಶ್ನೆಗಳಿಗೆ ಒಂದೇ ಹಾಳೆಯಲ್ಲಿ ಉತ್ತರ ಸಿಗುವಂತಾದರೆ ದಾಸ್ತಾನು ನಿರ್ವಹಣೆ ಸರಿಯಾಗಿದೆಯೆಂದೇ ಅರ್ಥ. ಆ ಹಾಳೆಯನ್ನು ಪ್ರತಿ ಸಾಮಾನ್ಯ ಸಭೆಯ ಕಾರ್ಯಸೂಚಿಯೊಂದಿಗೆ ಲಗತ್ತಿಸುವಂತೆ ಮತ್ತು ಗ್ರಾಮ ನೀರು ಹಾಗೂ ನೈರ್ಮಲ್ಯ ಸಮಿತಿಯ ಮುಂದೆ ಮಂಡಿಸುವಂತೆ ಠರಾವು ಮಾಡುವುದು ಸೂಕ್ತ. ಇದಕ್ಕೆ ಹೊಸ ಹುದ್ದೆಯಾಗಲಿ, ಪ್ರತ್ಯೇಕ ಅನುದಾನವಾಗಲಿ ಬೇಕಿಲ್ಲ. ಒಂದು ತಕ್ಕಡಿ, ಒಂದು ಶಾಯಿಯ ಲೇಖನಿ, ಕಚೇರಿಯ ಗಣಕಯಂತ್ರ ಮತ್ತು ವಾರಕ್ಕೆ ಅರ್ಧ ಗಂಟೆಯ ಶ್ರಮ ಸಾಕು. ಬರುವ ಮಳೆಗಾಲಕ್ಕೆ ಮುನ್ನ ಮೊದಲ ಎಣಿಕೆಯನ್ನು ಪೂರ್ಣಗೊಳಿಸಲು ಸದಸ್ಯರು ಮುತುವರ್ಜಿ ವಹಿಸಬೇಕೆಂದು ಕೋರಲಾಗಿದೆ.

— ಪಂಚಾಯತಿ ಅಭಿವೃದ್ಧಿ ಅಧಿಕಾರಿ