ಕದ್ರಿ ಗುಡ್ಡದ ಲೋಕೇಶ್ವರ

ಕಾರ್ಕಳದ ಬೆಟ್ಟ ಹತ್ತಿ ಗೊಮ್ಮಟನನ್ನು ನೋಡದ ವಿದ್ಯಾರ್ಥಿ ಉಡುಪಿ, ಮಣಿಪಾಲ, ಕಾಪುವಿನ ಕಡೆ ಸಿಗುವುದು ಅಪರೂಪ. 1432ರಲ್ಲಿ ಪ್ರತಿಷ್ಠೆಯಾದ ಆ ಮೂರ್ತಿಯನ್ನು ಕಂಡವರಿಗೆ, ನಮ್ಮ ಕರಾವಳಿಯಲ್ಲಿ ಜೈನಧರ್ಮ ಬೆಳಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಇಲ್ಲಿ ಬೌದ್ಧರೂ ಇದ್ದರೆ? ಉತ್ತರ ಬೇಕಾದರೆ ಬಸ್ಸು ಹತ್ತಿ ಮಂಗಳೂರಿನ ಕದ್ರಿಗೆ ಹೋಗಬೇಕು.

ಉಡುಪಿಯಿಂದ ಹೊರಟ ಸ್ವಲ್ಪ ಹೊತ್ತಿಗೇ, ಕಾಪುವಿಗೂ ಮೊದಲು, ಉದ್ಯಾವರ ಬರುತ್ತದೆ. ತುಳುನಾಡನ್ನು ಶತಮಾನಗಳ ಕಾಲ ಆಳಿದ ಆಳುಪರಿಗೆ ಇದು ರಾಜಧಾನಿಯಾಗಿತ್ತು. ಕದ್ರಿಯ ಕಥೆಯೂ ಆ ವಂಶಕ್ಕೇ ಸೇರಿದ್ದು.

ಕದ್ರಿ ಮಂಜುನಾಥ ದೇವಸ್ಥಾನ ಗುಡ್ಡದ ತಪ್ಪಲಲ್ಲಿದೆ. ಹಿಂದೆ ಗೋಮುಖದ ನೀರು, ಕೆರೆಗಳು; ಮೆಟ್ಟಿಲೇರಿದರೆ ಜೋಗಿ ಮಠ, ಮುರಕಲ್ಲಿನಲ್ಲಿ ಕೊರೆದ ಗುಹೆಗಳು. ಜನ ಅವನ್ನು ಪಾಂಡವರ ಗುಹೆ ಎನ್ನುತ್ತಾರೆ. ದೇವಸ್ಥಾನದಲ್ಲಿರುವ ಸುಮಾರು ಐದು ಅಡಿ ಎತ್ತರದ ಕಂಚಿನ ವಿಗ್ರಹವೊಂದನ್ನು ಮಾತ್ರ ನಿಧಾನವಾಗಿ ನೋಡಬೇಕು. ಪದ್ಮಾಸನದಲ್ಲಿ ಕುಳಿತ ಭಂಗಿ, ಮೂರು ಮುಖ, ಆರು ಕೈ. ಮುಖಗಳನ್ನು ಎಣಿಸಿ ಇದನ್ನು ಬ್ರಹ್ಮನೆಂದವರೂ ಉಂಟು. ಆದರೆ ಕಿರೀಟದಲ್ಲಿ ಧ್ಯಾನಸ್ಥ ಬುದ್ಧನ ಪುಟ್ಟ ರೂಪವಿದೆ. ಬೌದ್ಧರ ಅವಲೋಕಿತೇಶ್ವರನ, ಅಂದರೆ ಲೋಕೇಶ್ವರನ, ಗುರುತು ಅದೇ. ಪೀಠದ ಸಂಸ್ಕೃತ ಶಾಸನ ಸಂದೇಹವನ್ನೇ ಉಳಿಸುವುದಿಲ್ಲ: ಆಳುಪ ದೊರೆ ಕುಂದವರ್ಮನು ಕದರಿಕಾ ಎಂಬ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದನು. ಕಾಲ ಕಲಿವರ್ಷ 4068, ಅಂದರೆ ಕ್ರಿ.ಶ. 968. ವಿಹಾರವೆಂದರೆ ಬೌದ್ಧ ಭಿಕ್ಷುಗಳ ವಾಸಸ್ಥಾನ.

ಇದೇ ಲೋಕೇಶ್ವರ ಚೀನಾ, ಕೊರಿಯಾಗಳ ದಾರಿಯಲ್ಲಿ ಜಪಾನಿಗೂ ಹೋದ. ಅಲ್ಲಿ ಅವನ ಹೆಸರು ಕನ್ನೋನ್. ಕ್ಯೋಟೋ ನಗರದ ಅಂಚಿನ ಬೆಟ್ಟದ ಮೇಲೆ ಕಿಯೋಮಿಝು ದೇವಾಲಯವಿದೆ. ಸ್ಥಾಪನೆ 778ರಲ್ಲಿ ಎನ್ನುತ್ತಾರೆ. ಸುಮಾರು 13 ಮೀಟರ್ ಎತ್ತರದ ಮರದ ಕಂಬಗಳ ಮೇಲೆ ನಿಂತಿರುವ ಅದರ ಜಗಲಿ 1633ರ ಕಟ್ಟಡದ್ದು. ಕಿಯೋಮಿಝು ಎಂದರೆ ನಿರ್ಮಲವಾದ ನೀರು. ಅಲ್ಲಿಯೂ ಬೆಟ್ಟದಿಂದಿಳಿಯುವ ನೀರನ್ನು ಭಕ್ತರು ಕುಡಿಯುತ್ತಾರೆ. ಗೋಮುಖದ ಮುಂದೆ ಕೈಯೊಡ್ಡಿದವರಿಗೆ ಅದು ಪರದೇಶವೆನಿಸದು! ಆದರೆ ಅಲ್ಲಿನ ಮೂಲ ಕನ್ನೋನ್ ಮೂರ್ತಿಯ ದರ್ಶನ ಸಾಮಾನ್ಯವಾಗಿ 33 ವರ್ಷಕ್ಕೊಮ್ಮೆ ಮಾತ್ರ. ಆ ಸರದಿಯಂತೆ ಹಿಂದಿನ ಸಲ ಬಾಗಿಲು ತೆರೆದದ್ದು 2000ದಲ್ಲಿ. ನಮ್ಮ ಲೋಕೇಶ್ವರನಿಗೆ ಅಂಥ ಮರೆ ಇಲ್ಲ. ಮರೆಯಾದದ್ದು ಅವನ ಗುರುತು.

ಅದು ಹೇಗೆ ಮರೆಯಾಯಿತು? ಶಂಕರಾಚಾರ್ಯರು ವಾದದಲ್ಲಿ ಗೆದ್ದರು, ಬೌದ್ಧಧರ್ಮ ಅಳಿಯಿತು ಎಂದು ಒಂದೇ ವಾಕ್ಯದಲ್ಲಿ ಹೇಳುವ ರೂಢಿಯಿದೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಂತೂ ಅದು ತಪ್ಪದೆ ಬರುತ್ತದೆ. ಆದರೆ ಇತಿಹಾಸಕಾರರು ಆಚಾರ್ಯರಿಗೆ ಸಾಮಾನ್ಯವಾಗಿ ಕೊಡುವ ಕಾಲ 8ನೇ ಶತಮಾನದ ಆಸುಪಾಸು. 968ರಲ್ಲಿ ಕದ್ರಿಯ ವಿಹಾರಕ್ಕೆ ಹೊಸ ಮೂರ್ತಿ ಬಂದಿದೆ. ಅದನ್ನು ಮಾಡಿಸಿದ ಕುಂದವರ್ಮನಾದರೋ ಶಿವಭಕ್ತ. ಅದೇ ಶಾಸನ ಅವನನ್ನು ಹಾಗೆಂದು ಹೊಗಳುತ್ತದೆ. ಶಿವನಿಗೆ ಕೈಮುಗಿಯುವವನು ಬೋಧಿಸತ್ವನಿಗೆ ಮೂರ್ತಿ ಮಾಡಿಸಿದ ಊರಿನಲ್ಲಿ, ಒಂದು ದಿನದಲ್ಲಿ ಒಬ್ಬರು ಸೋತು ಇನ್ನೊಬ್ಬರು ಗೆದ್ದಿರಲಾರರು.

ನಡುವೆ ನಾಥಪಂಥ ಬಂತು. ಗುಡ್ಡದ ಮೇಲಿನ ಜೋಗಿ ಮಠ ಅವರದು. ಅವರ ಆದಿಗುರು ಮತ್ಸ್ಯೇಂದ್ರನಾಥ. ನೇಪಾಳದ ಪಾಟನ್ ನಗರದಲ್ಲಿ ಬೌದ್ಧರು ಅವನನ್ನೇ ಲೋಕೇಶ್ವರನೆಂದು ರಥವೇರಿಸಿ ಎಳೆಯುತ್ತಾರೆ. ಬೌದ್ಧ ಲೋಕೇಶ್ವರನಿಗೂ ಶೈವ ಜೋಗಿಗಳಿಗೂ ನಡುವೆ ಹಾದಿಯಿತ್ತೆಂಬುದಕ್ಕೆ ಇದು ಬಲವಾದ ಸುಳಿವೆಂದು ನನಗನಿಸುತ್ತದೆ. ಮಂಜುನಾಥನ ಹೆಸರೂ ಮಂಜುಶ್ರೀ ಎಂಬ ಬೋಧಿಸತ್ವನಿಂದ ಬಂದಿರಬೇಕೆಂಬ ವಾದವಿದೆ. ಅದು ಊಹೆ. ಪೀಠದ ಶಾಸನ ಹೇಳುವುದು ಲೋಕೇಶ್ವರನನ್ನು ಮಾತ್ರ.

ಹೋದಾಗ ಹೂವಿನ ರಾಶಿಯಲ್ಲಿ ಪೀಠದ ಅಕ್ಷರಗಳು ಕಾಣದಿರಬಹುದು. ಕಿರೀಟದ ಕಡೆ ಕಣ್ಣು ಹಾಯಿಸಿ. ಪುಟ್ಟ ಬುದ್ಧ ಅಲ್ಲಿ ಕುಳಿತಿರುತ್ತಾನೆ.