ಬೆಸುಗೆಯ ಹೊಗೆಯೂ ಅಕ್ಕಸಾಲಿಗನ ಮೂತ್ರಪಿಂಡವೂ

ಒಡವೆಯ ಅಂಗಡಿಯನ್ನು ಹೊಕ್ಕವರಲ್ಲಿ ಕೆ.ಡಿ.ಎಂ. ಎಂಬ ಮಾತನ್ನು ಕೇಳದವರು ವಿರಳ. ಅದು ಶುದ್ಧವಾದ ಚಿನ್ನದ ಗುರುತೆಂದೇ ಬಹುಜನರ ನಂಬಿಕೆ. ವಸ್ತುತಃ ಅದು ಕ್ಯಾಡ್ಮಿಯಂ ಎಂಬ ಲೋಹದ ಹೆಸರಿನಿಂದ ಹುಟ್ಟಿದ ಸಂಕೇತ. ಆ ಲೋಹವು ವಿಷವೆಂಬುದನ್ನು ಬಲ್ಲವರಾದರೋ ಕೆಲವರೇ.

ಹಿಂದಿನ ಬೆಸುಗೆಯಲ್ಲಿ ತಾಮ್ರ ಬೆಳ್ಳಿಗಳ ಪಾಲು ಹೆಚ್ಚಾಗಿದ್ದುದರಿಂದ, ಒಡವೆಯನ್ನು ಕರಗಿಸಿದಾಗ ಚಿನ್ನದ ಶುದ್ಧಿಯು ಇಳಿಯುತ್ತಿದ್ದಿತು. ನೂರಕ್ಕೆ 92 ಪಾಲು ಚಿನ್ನ, 8 ಪಾಲು ಕ್ಯಾಡ್ಮಿಯಂ ಕೂಡಿದ ಬೆಸುಗೆಯು ಬಂದ ಮೇಲೆ ಆ ನಷ್ಟವು ತಪ್ಪಿತು. ತಪ್ಪಿದ ಬಗೆಯನ್ನು ವಾಚಕರು ಗಮನಿಸಬೇಕು. ಚಿನ್ನವು ಕರಗಲು 1064 ಡಿಗ್ರಿ ಶಾಖ ಬೇಕು. ಕ್ಯಾಡ್ಮಿಯಂ ಸುಮಾರು 767 ಡಿಗ್ರಿಯಲ್ಲಿಯೇ ಕುದಿದು ಆವಿಯಾಗುವುದು. ಒಡವೆಯನ್ನು ಬಿಟ್ಟು ಹೊರಟ ಆ ವಿಷವು, ಬೆಂಕಿಯ ಮುಂದೆ ಬಾಗಿ ಕುಳಿತ ಅಕ್ಕಸಾಲಿಗನ ಉಸಿರನ್ನು ಸೇರುವುದು. ಕೊಳ್ಳುವವನ ಲಾಭಕ್ಕೆ ಬೆಲೆ ತೆರುವವನು ಕಸಬುದಾರನು!

ಈ ಲೋಹವು ಮೂತ್ರಪಿಂಡದಲ್ಲಿ ನೆಲೆಸಿ, 10ರಿಂದ 30 ವರ್ಷಗಳಾದರೂ ಅರ್ಧದಷ್ಟೇ ಕರಗುವುದು. ಅಲ್ಲಿನ ಸೂಕ್ಷ್ಮನಾಳಗಳು ಕೆಟ್ಟು, ದೇಹವು ಉಳಿಸಿಕೊಳ್ಳಬೇಕಾದ ಸಸಾರಜನಕವು ಮೂತ್ರದಲ್ಲಿ ಹರಿದುಹೋಗುವುದು. ಮೊದಲಿಗೆ ನೋವಿಲ್ಲ, ನೋವು ತಿಳಿಯುವ ಹೊತ್ತಿಗೆ ಕೆಟ್ಟುದು ಮರಳಿ ಸರಿಹೋಗದು. ಸ್ವೀಡನ್ ದೇಶದ ಬ್ಯಾಟರಿ ಕಾರ್ಖಾನೆಯ ಕೆಲಸಗಾರರಲ್ಲಿ ಈ ವ್ಯಾಧಿಯನ್ನು ಕಂಡು ಲಾರ್ಸ್ ಫ್ರೈಬರ್ಗ್ ಎಂಬ ವೈದ್ಯರು 1950ರಲ್ಲಿಯೇ ಗ್ರಂಥರೂಪವಾಗಿ ಲೋಕಕ್ಕೆ ತಿಳಿಸಿದರು. ಅಂದಿನಿಂದ ಅಜ್ಞಾನವೆಂಬ ನೆಪವು ಯಾರಿಗೂ ಸಲ್ಲದು.

ಕಾನೂನಾದರೂ ಕಾಯುವುದೇ? ವಿಷದಿಂದಾಗುವ ಮೂತ್ರಪಿಂಡದ ರೋಗವು 1948ರ ಕಾರ್ಖಾನೆ ಕಾಯಿದೆಯ ರೋಗಪಟ್ಟಿಯಲ್ಲಿ ಸೇರಿದ್ದಿತು. ಆದರೆ ವಿದ್ಯುಚ್ಛಕ್ತಿಯಿದ್ದಲ್ಲಿ 10, ಇಲ್ಲದಲ್ಲಿ 20 ಮಂದಿ ಇದ್ದರಷ್ಟೇ ಅದು ಕಾರ್ಖಾನೆ. 2020ರ ಸಂಹಿತೆಯು ಆ ಎಣಿಕೆಯನ್ನು 20ಕ್ಕೂ 40ಕ್ಕೂ ಏರಿಸಿತು. ಬೆಂಗಳೂರಿನ ನಗರ್ತಪೇಟೆಯಂಥ ಬೀದಿಗಳ ಇಕ್ಕಟ್ಟಾದ ಕೋಣೆಯಲ್ಲಿ ನಾಲ್ಕೈದು ಮಂದಿ ದುಡಿಯುವ ಪಟ್ಟಡಿಯು ಈ ಲೆಕ್ಕಕ್ಕೆ ಎಂದಿಗೂ ಬಾರದು. 2021ರಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕ್ ಮುದ್ರೆಯು ಒಡವೆಯ ಶುದ್ಧಿಯನ್ನು ಸಾರುವುದೇ ಹೊರತು, ಮಾಡಿದವನ ಆರೋಗ್ಯವನ್ನಲ್ಲ.

ಸರಕಾರವು ಇಂಥ ಪಟ್ಟಡಿಗಳಿಗೆ ವೈದ್ಯರನ್ನು ಕಳುಹಿಸಿ, ಕಸಬುದಾರರ ಮೂತ್ರಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸತಕ್ಕದ್ದು. ಕ್ಯಾಡ್ಮಿಯಂ ಇಲ್ಲದ ಬೆಸುಗೆಗಳು ಇದ್ದೇ ಇವೆ. ವರ್ತಕರು ಅವನ್ನೇ ಒದಗಿಸಲಿ. ಮಗಳ ಮದುವೆಗೆ ಸರ ಮಾಡಿಸುವ ಗೃಹಸ್ಥರಲ್ಲಿಯೂ ನಮ್ಮದೊಂದು ಅರಿಕೆಯಿದೆ: ಚಿನ್ನವು ಎಷ್ಟು ಶುದ್ಧವೆಂದು ಕೇಳುವಾಗ, ಬೆಸುಗೆ ಯಾವುದೆಂದೂ ಕೇಳಿರಿ. ಆ ಒಂದು ಪ್ರಶ್ನೆಯಿಂದ ಒಂದು ಸಂಸಾರವು ಉಳಿಯಬಹುದು.